ಬೆಂದ್ರ್ ತೀರ್ಥದಿಂದ ಪೂಗಾ ಕಣಿವೆಗೆ

ದೋಣಿಗಲ್ಲಿನಿಂದ ಶಿರಾಡಿ ಘಾಟಿಯಿಳಿದು ಪುತ್ತೂರು ತಾಲ್ಲೂಕಿನ ಇರ್ದೆಗೆ ಹೋದರೆ ಬೆಂದ್ರ್ ತೀರ್ಥವೆಂಬ ಬಿಸಿನೀರಿನ ಬುಗ್ಗೆ ಸಿಗುತ್ತದೆ. ಇದರಿಂದ ವಿದ್ಯುತ್ತನ್ನು ಏಕೆ ತೆಗೆಯಬಾರದೆಂದು ತರಗತಿಯಲ್ಲಿ ನಿಮ್ಮಲ್ಲಿ ಕೆಲವರು ನನ್ನನ್ನು ಕೇಳಿದ್ದುಂಟು. ಅಲ್ಲಿನ ನೀರು ಸ್ನಾನಕ್ಕೆ ಹಿತವಾಗುವಷ್ಟೇ ಬಿಸಿ. ಅದರಿಂದ ಯಂತ್ರ ತಿರುಗದು. ಆದರೆ ಚಳಿನಾಡಿನ ಒಂಟಿ ಊರುಗಳಿಗೆ ಭೂಗರ್ಭದ ಶಾಖವು ಅಗ್ಗವೋ ದುಬಾರಿಯೋ ಎಂಬ ಪ್ರಶ್ನೆ ವಿಚಾರಾರ್ಹವಾದುದು.

ಐಸ್‌ಲ್ಯಾಂಡಿನ ರೇಕ್ಯಾವಿಕ್ ನಗರದ ಹೆಂಗಸರು ಬಟ್ಟೆ ಒಗೆಯಲು ಹೋಗುತ್ತಿದ್ದ ಬಿಸಿಬುಗ್ಗೆಗಳಿದ್ದವು. 1930ರಲ್ಲಿ ಅಲ್ಲಿಂದ ಸುಮಾರು 3 ಕಿಲೋಮೀಟರ್ ಕೊಳವೆ ಹಾಕಿ ನೀರನ್ನು ಊರೊಳಕ್ಕೆ ತಂದರು. ಮೊದಲು ಬೆಚ್ಚಗಾದ ಕಟ್ಟಡ ಒಂದು ಪ್ರಾಥಮಿಕ ಶಾಲೆ! ಮೇಷ್ಟರಾದ ನನಗೆ ಇದಕ್ಕಿಂತ ಪ್ರಿಯವಾದ ಇತಿಹಾಸ ಬೇರೊಂದಿಲ್ಲ.

ನಮ್ಮ ಬಚ್ಚಲ ಹಂಡೆಯ ಒಲೆಗೆ ಸೌದೆಯನ್ನು ದಿನದಿನವೂ ಹೊಂದಿಸಬೇಕು. ಖರ್ಚು ಕಂತಿನಲ್ಲಿ ಬರುತ್ತದೆ. ಭೂಶಾಖದ ಲೆಕ್ಕ ಇದಕ್ಕೆ ತಿರುವುಮುರುವು. ಇಂಧನಕ್ಕೆ ಬೆಲೆಯಿಲ್ಲ, ಆದರೆ ಬಾವಿ, ಕೊಳವೆಗಳ ವೆಚ್ಚವೆಲ್ಲ ಮೊದಲೇ ಬಂದೊದಗುತ್ತದೆ. ಕೊರೆದ ಬಾವಿಯಲ್ಲಿ ಬಿಸಿನೀರು ಸಿಗದಿದ್ದರೆ ಹಣ ಮಣ್ಣುಪಾಲು. ಈ ಭಯವನ್ನು ಸಣ್ಣ ಊರು ಹೊರಲಾರದು. ಐಸ್‌ಲ್ಯಾಂಡಿನವರು 1967ರಲ್ಲಿ ಇಂಧನ ನಿಧಿಯೊಂದನ್ನು ಸ್ಥಾಪಿಸಿ, ಕೊರೆತ ವಿಫಲವಾದರೆ ಸಾಲ ಮನ್ನಾ ಆಗುವಂತೆ ಮಾಡಿದರು. 1973ರಲ್ಲಿ ತೈಲದ ಬೆಲೆ ಗಗನಕ್ಕೇರಿದಾಗ ಈ ದೂರದೃಷ್ಟಿ ಫಲ ಕೊಟ್ಟಿತು. ಇಂದು ಅಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳನ್ನು ನೆಲದೊಳಗಿನ ಕಾವೇ ಬೆಚ್ಚಗಿಡುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಸರಿಯಾದ ಸ್ಥಳ ಲಡಾಖಿನ ಪೂಗಾ ಕಣಿವೆ. ಸಮುದ್ರಮಟ್ಟದಿಂದ 4,400 ಮೀಟರಿಗೂ ಎತ್ತರದಲ್ಲಿರುವ ಅಲ್ಲಿ 84 ಡಿಗ್ರಿ ಸೆಲ್ಸಿಯಸ್‌ವರೆಗಿನ ಬುಗ್ಗೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1970ರ ದಶಕದಲ್ಲೇ ಬಾವಿ ಕೊರೆದು, ಗುಡಿಸಲೊಂದನ್ನು ಈ ಶಾಖದಿಂದ ಬೆಚ್ಚಗಿಟ್ಟು ನೋಡಿತ್ತು. ಅನಂತರ ದಶಕಗಳ ಮೌನ! 2021ರ ಫೆಬ್ರವರಿಯಲ್ಲಿ ಒ.ಎನ್.ಜಿ.ಸಿ. ಸಂಸ್ಥೆಯು ಮೊದಲಿಗೆ 1 ಮೆಗಾವ್ಯಾಟ್ ಉತ್ಪಾದಿಸುವ ಒಪ್ಪಂದಕ್ಕೆ ಸಹಿ ಹಾಕಿತು. 2022ರಲ್ಲಿ ಕೊರೆಯುವಾಗ ಬಿಸಿದ್ರವ ಹೊರಚಿಮ್ಮಿ ಹೊಳೆ ಸೇರಿ, ಕೆಲಸ ಹಿಂದೆ ಬಿತ್ತು.

ವಿದ್ಯುತ್ತಿನ ಮೋಹವೇ ಇಲ್ಲಿ ಅಡ್ಡಿಯೇನೋ ಎಂದು ನನಗನ್ನಿಸುತ್ತದೆ. ಶಾಖವನ್ನು ವಿದ್ಯುತ್ತಾಗಿಸುವಾಗ ಅದರ ಬಹುಪಾಲು ನಷ್ಟವಾಗುತ್ತದೆ. ಆ ವಿದ್ಯುತ್ತನ್ನು ಚದುರಿದ ಹಳ್ಳಿಗಳಿಗೆ ಒಯ್ಯಲು ತಂತಿ ಬೇಕು. ಕೋಣೆಯೊಂದನ್ನು ಬೆಚ್ಚಗಿಡಲು ಬಿಸಿನೀರಿನ ಕೊಳವೆ ಸಾಕು. ಅಲೆಮಾರಿ ಚಾಂಗ್ಪಾ ಕುರಿಗಾಹಿಗಳ ಗುಡಾರಗಳಿಗೆ ಕೊಳವೆ ಎಳೆಯಲಾಗದು, ನಿಜ. ಆದರೆ ಅವರ ಮಕ್ಕಳು ಓದುವ ವಸತಿಶಾಲೆ ಪೂಗಾದಲ್ಲಿಯೇ ಇದೆ. ಹಣ ಹಾಕುವವರು ಮೊದಲು ಆ ಶಾಲೆಯ ಬಾಗಿಲಿಗೆ ಕೊಳವೆ ಎಳೆಯಲಿ.