ಮೂರು ತಲೆಮಾರಿನ ತುರುಬು

ಹೋದ ಬೇಸಿಗೆ ರಜೆಯಲ್ಲಿ ಅಮ್ಮನ ಎದುರು ಕುಳಿತು, ನನ್ನ ಜಡೆಯನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಳ್ಳಲು ನಿಶ್ಚಯಿಸಿದ್ದೇನೆಂದು ಹೇಳಿದೆ. ನನಗೀಗ 54. ಥೈರಾಯ್ಡ್ ತೊಂದರೆ ಶುರುವಾದಂದಿನಿಂದ ಕೂದಲು ಬಾಚಣಿಗೆಗೆ ಹಿಡಿ ಹಿಡಿಯಾಗಿ ಬರುತ್ತಿತ್ತು. ಒಮ್ಮೆ ಕಪ್ಪು ಬಣ್ಣ ಹಚ್ಚಿಕೊಂಡು ಹಣೆ, ಕಿವಿಯೆಲ್ಲ ಊದಿ, ಒಂದು ವಾರ ಶಾಲೆಗೆ ರಜೆ ಹಾಕಿದ್ದೂ ಆಯಿತು. ಉಳಿದದ್ದು ಹೆಬ್ಬೆರಳು ಗಾತ್ರದ ಒಂದು ಬೂದುಬಣ್ಣದ ಜಡೆ. ಬೆಳಿಗ್ಗೆ ಎಂಟರ ಬಸ್ಸು ಹಿಡಿಯಬೇಕಾದವಳಿಗೆ ಅದನ್ನು ಒಣಗಿಸಿ, ಸಿಕ್ಕು ಬಿಡಿಸಿ, ಹೆಣೆದುಕೊಳ್ಳುವುದೇ ಒಂದು ಕೆಲಸ. ಇದರಲ್ಲಿ ಚರ್ಚಿಸಲು ಏನಿದೆ ಎಂದು ನಾನು ಭಾವಿಸಿದ್ದೆ.

ಅಮ್ಮ ಮೊರದ ತುಂಬ ಸೀಗೆಕಾಯಿ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದಳು. ಕೈ ನಿಂತಿತು. "ನಾವು ಉಳಿಸಿಕೊಂಡಿದ್ದನ್ನ ನೀನು ದುಡ್ಡು ಕೊಟ್ಟು ತೆಗೆಸ್ತೀಯನೇ?" ಎಂದಳು. ಅಷ್ಟೇ. ಆಮೇಲೆ ಎರಡು ದಿನ ಮಾತಿಲ್ಲ.

ಸುಮಾರು 30 ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಹೇಳಿದವಳು ನಾನು. ಸಮಾಜ ಸುಧಾರಣೆಯ ಅಧ್ಯಾಯವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ಅಮ್ಮನ ಬಾಯಿಂದ ಬಂದ ಆ "ನಾವು" ಎಂಬ ಮಾತಿನ ಅರ್ಥ ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಅಮ್ಮನ ತವರು ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿ. ಆ ಮನೆಯಲ್ಲಿ ಅಜ್ಜನ ಅಕ್ಕ ಇದ್ದಳು. ನಮಗೆಲ್ಲ ಅವಳು ದೊಡ್ಡಜ್ಜಿ. ಹುಟ್ಟಿದ್ದು 1903ರಲ್ಲಿ ಎಂದು ಮನೆಯವರ ಲೆಕ್ಕ. ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ಮಾಡಿ, 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತ್ತು. ದೊಡ್ಡಜ್ಜಿಯ ಮದುವೆಯಾದದ್ದು 9ಕ್ಕೆ. ಕಾನೂನಿಗೆ ಏನೂ ಲೋಪ ಬರಲಿಲ್ಲ! ಎರಡು ವರ್ಷದಲ್ಲಿ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಮೈನೆರೆದ ಮೇಲೆ ತಲೆ ಬೋಳಿಸಿದರು. ಅಂದಿನಿಂದ ಸುಮಾರು 70 ವರ್ಷ ಆ ತಲೆಯ ಮೇಲೆ ಕೂದಲು ಹದಿನೈದು ದಿನಕ್ಕಿಂತ ಹೆಚ್ಚು ಬೆಳೆಯಲಿಲ್ಲ.

ಅವಳ ತಲೆಯನ್ನು ನಾನು ಮುಟ್ಟಿ ನೋಡಿದ್ದೇನೆ. ಕೆಂಪು ಸೀರೆಯ ಸೆರಗು ಜಾರಿದಾಗ ಕೈಯಾಡಿಸಿದರೆ, ಕೊಯಿಲಾದ ಗದ್ದೆಯ ಕೂಳೆಯ ಹಾಗೆ ಚುಚ್ಚುತ್ತಿತ್ತು. ಬೋಳು ತಲೆಗೂ ಅವಳು ಹರಳೆಣ್ಣೆ ತಟ್ಟಿಕೊಳ್ಳುತ್ತಿದ್ದಳು, ತಂಪಿಗೆ. ಆಶ್ಚರ್ಯವೆಂದರೆ ಇಡೀ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಜಡೆ ಹೆಣೆಯುವವರು ಇನ್ನೊಬ್ಬರಿರಲಿಲ್ಲ. ಬೆಳಗಿನ ಸ್ನಾನಕ್ಕೆ ಮೊದಲು, ಇನ್ನೂ ಮಡಿಯಾಗದ ಹೊತ್ತಿನಲ್ಲಿ, ನಮ್ಮನ್ನು ಸಾಲಾಗಿ ಕೂರಿಸಿಕೊಳ್ಳುತ್ತಿದ್ದಳು. ಗರುಗದ ಸೊಪ್ಪಿನ ರಸ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ನೆತ್ತಿಗಿಟ್ಟು, ಬೈತಲೆ ಗೆರೆ ಎಳೆದ ಹಾಗೆ ತೆಗೆದು, ನಾಲ್ಕು ಕಾಲಿನ ಜಡೆ ಹೆಣೆಯುತ್ತಿದ್ದಳು. ಸಂಜೆಯಾದರೂ ಒಂದೆಳೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಹಬ್ಬದ ದಿನದ ಮೊಗ್ಗಿನ ಜಡೆಗೆ ಮಾತ್ರ ಅವಳನ್ನು ಕರೆಯುತ್ತಿರಲಿಲ್ಲ. ಅದು ಮುತ್ತೈದೆಯರ ಕೆಲಸ. ದೊಡ್ಡಜ್ಜಿ ದೂರ ಕುಳಿತು, "ಎಡಕ್ಕೆ ವಾಲಿತು ನೋಡು" ಎಂದು ಹೇಳಿಕೊಡುತ್ತಿದ್ದಳು.

ಇಂದಿನವರಿಗೆ ಒಂದು ಶಬ್ದವನ್ನು ವಿವರಿಸಿ ಹೇಳಬೇಕು: ಸಕೇಶಿ. ಗಂಡ ಸತ್ತ ಮೇಲೂ ಕೂದಲು ಉಳಿಸಿಕೊಂಡವಳು. ಶಬ್ದದ ಅರ್ಥ ಕೂದಲಿರುವವಳು ಎಂದಷ್ಟೇ. ಆದರೆ ಜನರ ಬಾಯಲ್ಲಿ ಅದು ಬೈಗುಳದ ಪಕ್ಕದಲ್ಲೇ ಕೂರುವ ಮಾತು. ಸಕೇಶಿ ಮುಟ್ಟಿದ ನೀರು ಮಡಿಗೆ ಬಾರದು, ಅವಳು ಶ್ರಾದ್ಧದ ಅಡಿಗೆ ಮಾಡುವಂತಿಲ್ಲ, ಸ್ವಾಮಿಗಳಿಂದ ತೀರ್ಥ ಪಡೆಯುವಂತಿಲ್ಲ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಇದಕ್ಕೆ ಆಧಾರವೆಂದು ಸ್ಕಾಂದಪುರಾಣದ ಕಾಶೀಖಂಡವನ್ನು ತೋರಿಸುವುದು ವಾಡಿಕೆ. ವಿಧವೆ ಜಡೆ ಕಟ್ಟಿಕೊಂಡರೆ ಪರಲೋಕದಲ್ಲಿ ಗಂಡನಿಗೆ ಬಂಧನವಾಗುತ್ತದೆಂದು ಅಲ್ಲಿ ಹೇಳಿದೆ. ಹೆಂಡತಿ ಸತ್ತವನ ಜುಟ್ಟು ಅವಳನ್ನು ಯಾಕೆ ಕಟ್ಟಿಹಾಕುವುದಿಲ್ಲವೋ!

ಇದನ್ನು ಪ್ರಶ್ನಿಸಿದವರು ನಮ್ಮ ಕಡೆಯಲ್ಲೇ ಹುಟ್ಟಿದ್ದರು. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. 1889ರಲ್ಲಿ ಅವರು ಮುಂಬಯಿಯಲ್ಲಿ ತೆರೆದ ಶಾರದಾ ಸದನದಲ್ಲಿ ಎಳೆಯ ವಿಧವೆಯರು ಓದು ಕಲಿತರು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು. ಆದರೆ ಇದ್ಯಾವುದೂ ಅಜ್ಜನ ಮನೆಯ ಹೆಬ್ಬಾಗಿಲು ದಾಟಿ ಒಳಗೆ ಬರಲಿಲ್ಲ. ಬಂದದ್ದು ಬೇರೆಯೇ ದಾರಿಯಿಂದ, ಹಿತ್ತಿಲಿನಿಂದ.

1956ರ ಮಳೆಗಾಲದ ಆರಂಭದಲ್ಲಿ ಅಜ್ಜ ತೀರಿಕೊಂಡ. ಅಜ್ಜಿಗೆ ಆಗ ಇನ್ನೂ 40 ಆಗಿರಲಿಲ್ಲ. ತೊಡೆಯವರೆಗೆ ಬರುತ್ತಿದ್ದ ಕೂದಲಂತೆ. ಅಮ್ಮನಿಗೆ 12 ವರ್ಷ. ಹತ್ತನೆಯ ದಿನ ಹತ್ತಿರ ಬಂದಂತೆ ಮನೆಯ ಗಂಡಸರು ಏನೂ ಮಾತಾಡಲಿಲ್ಲವಂತೆ. ಪಟ್ಟು ಹಿಡಿದವಳು ದೊಡ್ಡಜ್ಜಿ. "ತೆಗೆಸಲೇಬೇಕು, ಇಲ್ಲದಿದ್ದರೆ ನಾನು ಈ ಮನೆಯ ಒಲೆ ಹಚ್ಚುವುದಿಲ್ಲ" ಎಂದಳಂತೆ.

ಇದನ್ನು ಕೇಳಿದಾಗ ನನಗೆ ಬಹಳ ದುಃಖವಾಯಿತು. ನನ್ನ ಬೈತಲೆ ತೆಗೆದ ಅದೇ ಕೈ! ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯಲ್ಲಿ, ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಣಿಯ ಪರವಾಗಿ ನಿಲ್ಲುವವಳು ಸ್ವತಃ ಮುಂಡನವಾದ ಮುದುಕಿ ಫಣಿಯಮ್ಮ. ಅದನ್ನು ಓದಿದಾಗಲೆಲ್ಲ ನಾನು ನಮ್ಮ ದೊಡ್ಡಜ್ಜಿಯೇ ಅವಳೆಂದುಕೊಂಡು ಅತ್ತಿದ್ದೆ. ನಮ್ಮವಳು ಅವಳಲ್ಲ. ಈಗ ಯೋಚಿಸಿದರೆ ಅನಿಸುವುದಿಷ್ಟು: ಆ ಬೋಳುತಲೆಯನ್ನು ಕೊಟ್ಟು ದೊಡ್ಡಜ್ಜಿ ಪಡೆದದ್ದು ಮಡಿಯ ಒಲೆಯೊಂದನ್ನೇ. ಅದೊಂದೇ ಅವಳ ಆಸ್ತಿ. ಕೂದಲಿದ್ದವಳೂ ಗೌರವದಿಂದ ಬಾಳಬಹುದೆಂದಾದರೆ ತಾನು ಕೊಟ್ಟದ್ದು ಯಾತಕ್ಕೆ? ಆ ಪ್ರಶ್ನೆಯನ್ನು ಅವಳು ತನ್ನ 53ನೆಯ ವಯಸ್ಸಿನಲ್ಲಿ, ಎಂದರೆ ಸರಿಸುಮಾರು ನನ್ನ ಈಗಿನ ವಯಸ್ಸಿನಲ್ಲಿ, ಎದುರಿಸಬೇಕಿತ್ತು.

ಕ್ಷೌರಿಕರಿಗೆ ಹೇಳಿಕಳಿಸಿದರು. ಬಂದರು. ಅಮ್ಮ ಬಚ್ಚಲ ಕಟ್ಟಿಗೆ ರಾಶಿಯ ಹಿಂದೆ ಅಡಗಿ ನೋಡುತ್ತಿದ್ದಳು. ಅವರು ಹಿತ್ತಿಲಲ್ಲಿ ನಿಂತು ಚಿಕ್ಕಜ್ಜನಿಗೆ ಹೇಳಿದ ಮಾತು ಅಮ್ಮನಿಗೆ ಇವತ್ತಿಗೂ ಬಾಯಿಪಾಠ: "ಅಯ್ಯಾ, ದೊಡ್ಡಮ್ಮನವರದ್ದು ಮಾಡ್ತಾ ಬಂದಿದೀನಿ, ಅವರಿರೋ ತನಕ ಮಾಡ್ತೀನಿ. ಹೊಸ ತಲೆಗೆ ಕತ್ತಿ ಇಡೋದಿಲ್ಲ. ನನ್ನ ಮನೇಲೂ ಹೆಣ್ಮಕ್ಕಳಿದಾರೆ." ಅಡಿಕೆಪಟ್ಟಿಯನ್ನೂ ತೆಗೆದುಕೊಳ್ಳದೆ ಹೊರಟುಹೋದರಂತೆ.

1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮೇಲೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ತೀರ್ಮಾನಿಸಿದ್ದರು. ಅವರನ್ನು ಒಟ್ಟುಗೂಡಿಸಿದವರು ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ. ನಮ್ಮೂರಿನ ಆ ಮನುಷ್ಯ ಈ ಹೆಸರು ಕೇಳಿರಲಾರರು. ನಮ್ಮ ಪಠ್ಯಪುಸ್ತಕದ ಸುಧಾರಕರ ಸಾಲಿನಲ್ಲಿ ಕತ್ತಿ ಹಿಡಿಯದ ಕ್ಷೌರಿಕರ ಹೆಸರನ್ನು ನಾನಂತೂ ಒಂದು ಸಲವೂ ಪಾಠ ಮಾಡಿಲ್ಲ.

ಬೇರೆ ಊರಿನಿಂದ ಇನ್ನೊಬ್ಬರನ್ನು ಕರೆಸಬಹುದಿತ್ತು. ಆದರೆ ಆ ವಾರ ಮಳೆ ಹಿಡಿಯಿತು, ಹೊಳೆ ತುಂಬಿತು, ದೋಣಿ ನಿಂತಿತು. ಮಳೆ ಬಿಡಲಿ ಎಂದರು. ಮಳೆ ಬಿಟ್ಟ ಮೇಲೆ ಅಡಿಕೆ ಕೊಯಿಲು ಬಂತು. ಮುಂದೆ ಹಾಕಿದ್ದು ಹಾಗೆಯೇ ಉಳಿಯಿತು. ಅಜ್ಜಿಯ ಕೂದಲು ಉಳಿದ ಚರಿತ್ರೆ ಇಷ್ಟೇ.

ಉಳಿದ ಮೇಲಿನ ಬಾಳು ಸುಲಭವಾಗಿರಲಿಲ್ಲ. ತನ್ನ ಗಂಡನ ಶ್ರಾದ್ಧದ ದಿನವೇ ಅವಳು ಅಡಿಗೆಮನೆಯ ಹೊಸಿಲ ಹೊರಗೆ. ಇಷ್ಟೊಂದು ಕೂದಲನ್ನು ಅಂಗೈ ಗಾತ್ರದ ಗಂಟಾಗಿ ಬಿಗಿದು, ಕತ್ತಿನ ಕೆಳಗಿಳಿಸಿ, ಮೇಲೆ ಸೆರಗು ಹೊದೆಯುತ್ತಿದ್ದಳು. ಬಿಗಿ ತುರುಬು ಹಣೆಯ ಕೂದಲನ್ನು ಎಳೆದು ಎಳೆದು ಉದುರಿಸುತ್ತದೆ. ಅಜ್ಜಿಗೆ 60 ದಾಟುವಷ್ಟರಲ್ಲಿ ನೆತ್ತಿಯ ಮುಂಭಾಗ ಬರಿದಾಗಿತ್ತು. ಚೌರಿ ಸೇರಿಸಿ ತುರುಬನ್ನು ತುಂಬಿಸಿಕೊಳ್ಳಲು ಎಂದೂ ಒಪ್ಪಲಿಲ್ಲ. ಬಾಚುವಾಗ ಬಂದ ಎಳೆಗಳನ್ನು ಮಾತ್ರ ಸುರುಳಿ ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ನಮಗೆ ಚೌರಿ ಕಟ್ಟಿಕೊಡುತ್ತಿದ್ದಳು. ಈಗ ಅಂಥ ಕೂದಲಿಗೆ ಬೆಲೆ ಬಂದಿದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಅದನ್ನು ಬಿಡಿಸಿ, ತೊಳೆದು, ವಿಂಗಡಿಸುವುದೇ ಊರಿನ ಕಸುಬು.

ದೊಡ್ಡಜ್ಜಿ ತೀರಿಕೊಂಡದ್ದು 1983ರಲ್ಲಿ. ಪ್ರೇಮಾ ಕಾರಂತರ 'ಫಣಿಯಮ್ಮ' ಚಲನಚಿತ್ರ ಬಂದದ್ದೂ ಅದೇ ವರ್ಷ. ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ತಲೆ ಬೋಳಿಸುವುದು ನಿಂತು, ಬೆಳ್ಳಿಯಂಥ ಎಳೆಗೂದಲು ಒಂದಿಂಚು ಬೆಳೆದಿತ್ತು. ಅಜ್ಜಿ ದಿನವೂ ಅದಕ್ಕೆ ಎಣ್ಣೆ ಸವರಿ ಬಾಚುತ್ತಿದ್ದಳು. ಇಬ್ಬರೂ ಆ ಬಗ್ಗೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

1998ರಲ್ಲಿ ಅಪ್ಪ ಹೋದಾಗ ಅಮ್ಮನ ಕೂದಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅವಳು ಮಾತ್ರ ಅದನ್ನು ಇವತ್ತಿಗೂ ಅಡವಿಟ್ಟು ಬಿಡಿಸಿಕೊಂಡ ಒಡವೆಯಂತೆ ನೋಡಿಕೊಳ್ಳುತ್ತಾಳೆ. ವಾರಕ್ಕೊಂದೇ ಸಲ ನೀರು, ವಯಸ್ಸಾದ ನೆತ್ತಿಯಲ್ಲಿ ಜಿಡ್ಡು ಕಡಿಮೆ ಎಂದು. ಸೀಗೆಪುಡಿಗೆ ಮೆಂತ್ಯ, ಹೆಸರುಕಾಳು ಬೆರೆಸಿ, ದಾಸವಾಳದ ಎಲೆಯ ಲೋಳೆಯಲ್ಲಿ ಕಲಸಿ ತಿಕ್ಕುತ್ತಾಳೆ. ಸಡಿಲ ತುರುಬು, ಒಂದೇ ಕಡ್ಡಿ.

ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದೊಯ್ದಿದ್ದೆ. ಮದನಿಕೆಯರ ತುರುಬುಗಳ ಚೆಂದವನ್ನು ವಿವರಿಸುತ್ತಿದ್ದಾಗ ಒಬ್ಬ ಹುಡುಗಿ, "ಮಿಸ್, ಇಲ್ಲಿ ಅಜ್ಜಿಯರೇ ಇಲ್ವಲ್ಲ?" ಎಂದಳು. ಹುಡುಕಿದೆ. ನನ್ನ ಕಣ್ಣಿಗೂ ಒಬ್ಬಳು ಬೀಳಲಿಲ್ಲ.

ಮೂರನೆಯ ದಿನ ನಾನೇ ಅಮ್ಮನ ಹತ್ತಿರ ಹೋಗಿ, "ನನಗೆ ಯಾರೂ ಬಲವಂತ ಮಾಡಿಲ್ಲಮ್ಮ, ನನಗೇ ಬೇಡ ಅನಿಸಿದೆ" ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಜಡೆ ಬಿಚ್ಚದೆ ಕತ್ತರಿಸು ಅಂತ ಹೇಳು. ಅಲ್ಲಿ ಬಿಟ್ಟು ಬರಬೇಡ" ಎಂದಳು.

ಶಿವಮೊಗ್ಗದ ಪಾರ್ಲರಿನ ಹುಡುಗಿ ಕತ್ತರಿಸಿದ ಜಡೆಯನ್ನು ಕಾಗದದಲ್ಲಿ ಸುತ್ತಿಕೊಟ್ಟಳು. ಅಮ್ಮ ಮೊದಲು ನನ್ನ ತಲೆ ನೋಡಲಿಲ್ಲ, ಪೊಟ್ಟಣ ಬಿಚ್ಚಿದಳು. ಬುಡಕ್ಕೆ ಕಪ್ಪು ದಾರ ಸುತ್ತಿ ಬಿಗಿದು, ಸೀಗೆಯಲ್ಲಿ ತೊಳೆದು ನೆರಳಲ್ಲಿ ಒಣಗಹಾಕಿದಳು. ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅದನ್ನು ತನ್ನ ತುರುಬಿಗೆ ಸೇರಿಸಿ ಕಟ್ಟಿಕೊಂಡು, ನನ್ನ ಕಡೆ ತಿರುಗಿದಳು.

"ಗೊತ್ತಾಗತ್ತೇನೆ?"

"ಇಲ್ಲ" ಎಂದೆ. ನನ್ನ ಕೂದಲೂ ಅಷ್ಟೇ ಬೆಳ್ಳಗಿತ್ತು.