ಎಂಟು ರೂಪಾಯಿಯ ಕಥೆ, ಇಪ್ಪತ್ತು ಎಕರೆಯ ಕಾಗದ

ಎಂಟು ರೂಪಾಯಿಗೆ ಯಾರೂ ರಸೀದಿ ಬರೆದುಕೊಂಡಿರಲಾರರು. ಅರಸೀಕೆರೆಯ ಬಡ ಮನೆಯೊಂದರಲ್ಲಿ ಗಂಡ ಹಾಸಿಗೆ ಹಿಡಿದ, ಔಷಧಿಗೆ ಕಾಸಿರಲಿಲ್ಲ, ತಾಯಿ ಎಳೆಯ ಮಗನನ್ನು ಎಂಟು ರೂಪಾಯಿಗೆ ಬೇರೆಯವರ ಮಡಿಲಿಗೆ ಹಾಕಿದಳು, ಆ ಹುಡುಗನೇ ಮುಂದೆ ಟಿ.ಎನ್. ಬಾಲಕೃಷ್ಣ ಆದ. ಕನ್ನಡ ಚಿತ್ರರಂಗದ ಬಗ್ಗೆ ಬರೆಯುವವರು ಈ ಮಾತನ್ನು ಒಬ್ಬರಿಂದ ಒಬ್ಬರು ತೆಗೆದುಕೊಳ್ಳುತ್ತಾ ಬಂದಿದ್ದಾರೆ. ರೂಪಾಯಿ ಏಳಾಗುವುದಿಲ್ಲ, ಹತ್ತಾಗುವುದಿಲ್ಲ. ಎಲ್ಲ ಕಡೆಯೂ ಎಂಟೇ. ಇಷ್ಟು ಗಟ್ಟಿಯಾಗಿ ನಿಂತ ಅಂಕಿಯನ್ನು ಕಂಡರೆ ದಾಖಲೆ ಹುಡುಕುವವನಿಗೆ ಮೊದಲು ಹುಟ್ಟುವುದು ಅನುಮಾನ.

ಬಾಲಣ್ಣ ಯಾರೆಂದು ಕನ್ನಡದ ಓದುಗರಿಗೆ ಹೇಳಬೇಕಿಲ್ಲ. ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ನೋಡದವರು ಕಡಿಮೆ. 1972ರಲ್ಲಿ ಬಂದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಆ ಹೊತ್ತಿಗೆ ಬಾಲಣ್ಣ ಅರವತ್ತು ದಾಟಿದ್ದರು. ಹುಟ್ಟಿದ್ದು 1911ರ ನವೆಂಬರ್ 2 ಎಂದು ಬರೆಯುವುದು ರೂಢಿ. ತೀರಿಕೊಂಡದ್ದು 1995ರ ಜುಲೈ 19. ನಡುವೆ ಐನೂರಕ್ಕೂ ಹೆಚ್ಚು ಚಿತ್ರಗಳು. ಕೊಂಕು ಮಾತಿನ ಖಳ, ಜಿಪುಣ, ಮನೆಯ ನಂಬಿಕಸ್ಥ ಆಳು, ಕಣ್ಣೀರು ತರಿಸುವ ಹಿರಿಯ, ಎಲ್ಲವೂ ಅವರೇ. ಕಿವಿ ಮಾತ್ರ ಕೇಳಿಸುತ್ತಿರಲಿಲ್ಲ. ಎದುರು ನಟನ ತುಟಿ ನೋಡಿಕೊಂಡು ತನ್ನ ಮಾತಿನ ಸರದಿ ಹಿಡಿಯುತ್ತಿದ್ದರು. ವಾಕ್ಚಿತ್ರದಲ್ಲಿ ಅರ್ಧ ಶತಮಾನ ಬಾಳಿದ ಕಿವುಡ ನಟ ಇಡೀ ಭಾರತದಲ್ಲೇ ಅಪರೂಪ. ಇದಕ್ಕೆ ಸಾಕ್ಷಿ ಬೇಕಾದರೆ ಕಡತದ ಹಂಗಿಲ್ಲ, ಚಿತ್ರಗಳೇ ಇವೆ. ಬೇರೆ ನಟರು ಮಾತು ಮುಗಿಸಿ ಎತ್ತಲೋ ನೋಡುವ ಕಡೆ ಬಾಲಣ್ಣನ ಕಣ್ಣು ಎದುರಿನವರ ಮುಖ ಬಿಟ್ಟು ಕದಲುವುದಿಲ್ಲ. ಅದನ್ನು ನಟನೆಯ ತೀವ್ರತೆ ಎಂದು ಹೊಗಳಿದ್ದೇವೆ. ಕೆಲವು ಸಲ ಅದು ಬರೀ ಕೇಳಿಸಿಕೊಳ್ಳುವ ದಾರಿ ಆಗಿತ್ತು ಎಂಬುದು ನನ್ನ ಎಣಿಕೆ.

ಕಷ್ಟ ಇರುವುದು ಚಿತ್ರಗಳ ಆಚೆ, 1943ಕ್ಕೂ ಹಿಂದಿನ ಮೂರು ದಶಕಗಳಲ್ಲಿ. ಬೋರ್ಡು ಬರೆದರು, ನಾಟಕದ ಪೋಸ್ಟರ್ ಅಂಟಿಸಿದರು, ಗೇಟಿನಲ್ಲಿ ಟಿಕೆಟ್ ಹರಿದರು, ಗುಬ್ಬಿ ಕಂಪನಿಯಲ್ಲೂ ಹಿರಣ್ಣಯ್ಯನವರ ಮಂಡಳಿಯಲ್ಲೂ ಬಣ್ಣ ಹಚ್ಚಿದರು ಎಂದು ಬರಹಗಳು ಹೇಳುತ್ತವೆ. ಅರಸೀಕೆರೆಯ ಹುಡುಗ ನಾಟಕದ ಪಾಲಾದದ್ದರಲ್ಲಿ ಅಚ್ಚರಿಯೇನೂ ಇಲ್ಲ. ಬೆಂಗಳೂರಿನಿಂದ ಹರಿಹರ, ಹುಬ್ಬಳ್ಳಿಯ ಕಡೆ ಹೋಗುವ ರೈಲು, ಹಾಸನದ ಮೇಲೆ ಮೈಸೂರಿಗೆ ಹೋಗುವ ರೈಲು, ಎರಡೂ ಕೂಡುವ ಜಂಕ್ಷನ್ ಅದು. ಪರದೆ, ಸೀನು, ಪೆಟ್ಟಿಗೆ, ಹಾರ್ಮೋನಿಯಂ ಹೊತ್ತು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವ ಕಂಪನಿಗಳಿಗೆ ರೈಲೇ ದಾರಿ.

ಕಂಪನಿಗಳ ಲೆಕ್ಕವಾದರೋ ಮಾಲೀಕರ ಲೆಕ್ಕ. ಗುಬ್ಬಿ ವೀರಣ್ಣನವರು ‘ಕಲೆಯೇ ಕಾಯಕ’ ಬಿಟ್ಟುಹೋದರು, ಆರ್. ನಾಗೇಂದ್ರರಾಯರು ‘ಇದು ನನ್ನ ಕಥೆ’ ಬಿಟ್ಟುಹೋದರು. ಪೋಸ್ಟರ್ ಅಂಟಿಸುವವನು ಅಂಥ ಪುಸ್ತಕದಲ್ಲಿ ಬಂದರೆ ಹೆಸರಿಲ್ಲದೆ ಬರುತ್ತಾನೆ. ಅವನಿಗೆ ಹೆಸರು ಬರುವುದು ಪಾತ್ರ ಸಿಕ್ಕ ಮೇಲೆ, ಅದೂ ಕರಪತ್ರದ ಕೆಳಗಿನ ಸಾಲಿನಲ್ಲಿ. ಆಟ ಮುಗಿದ ಮೇಲೆ ಆ ಕರಪತ್ರದಲ್ಲಿ ಕಡಲೆಕಾಯಿ ಕಟ್ಟುತ್ತಿದ್ದರು.

ಹೀಗಾಗಿ ನನಗೆ ಗಟ್ಟಿ ನೆಲ ಸಿಗುವುದು 1943ರಲ್ಲಿ, ‘ರಾಧಾರಮಣ’ದಲ್ಲಿ. ಬಾಲಕೃಷ್ಣ ಮೊದಲು ತೆರೆಗೆ ಬಂದದ್ದು ಅದರಲ್ಲಿ; ಜಿ.ವಿ. ಅಯ್ಯರ್ ಬಂದದ್ದೂ ಅದರಲ್ಲೇ. ಆ ವರ್ಷದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಯುದ್ಧದ ಕಾಲ. ಕಚ್ಚಾ ಫಿಲ್ಮು ಹೊರದೇಶದಿಂದ ಬರಬೇಕು, ಹಡಗುಗಳು ಬೇರೆ ಕೆಲಸದಲ್ಲಿದ್ದವು. ಸರ್ಕಾರ ಮೊದಲು ಚಿತ್ರದ ಉದ್ದವನ್ನು 11,000 ಅಡಿಗೆ ಇಳಿಸಿತು. 1943ರಲ್ಲಿ ಫಿಲ್ಮಿಗೂ ಲೈಸೆನ್ಸ್ ಬಂತು. ಮೊದಲೇ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರ. ಇಂಥ ವರ್ಷದಲ್ಲಿ ‘ರಾಧಾರಮಣ’ದ ಜೊತೆ ನಾಗೇಂದ್ರರಾಯರ ‘ಸತ್ಯ ಹರಿಶ್ಚಂದ್ರ’ ಬಂತು, ಹಿರಣ್ಣಯ್ಯನವರು ನಿರ್ದೇಶಿಸಿದ ‘ವಾಣಿ’ ಬಂತು. ‘ವಾಣಿ’ಗೆ ಹಣ ಹಾಕಿದವರು ಪಿಟೀಲು ಚೌಡಯ್ಯ, ಚೆಂಬೈ ವೈದ್ಯನಾಥ ಭಾಗವತರ ಕಛೇರಿಯೊಂದು ಅದರಲ್ಲಿದೆ. ಮೂರರ ಹಿಂದೆಯೂ ಕಂಪನಿ ನಾಟಕದ ಜನವೇ. ಸಿನಿಮಾಕ್ಕೆಂದೇ ತಯಾರಾದ ನಟವರ್ಗ ಕನ್ನಡದಲ್ಲಿ ಆಗ ಇರಲೇ ಇಲ್ಲ. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯನಾಯ್ಡು, ರಾವಣನಾದ ನಾಗೇಂದ್ರರಾಯರು, ಸುಲೋಚನೆಯಾದ ತ್ರಿಪುರಾಂಬಾ ಬಂದದ್ದೂ ರಂಗದಿಂದಲೇ.

‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಮುಂದಿನ ಚಿತ್ರಗಳು ಮದರಾಸು, ಕೊಯಮತ್ತೂರು ಅಲೆದವು. ಸ್ಟುಡಿಯೊ ಅಲ್ಲಿ, ಲ್ಯಾಬು ಅಲ್ಲಿ, ನೆಗೆಟಿವ್ ಅಲ್ಲಿ, ಸಾಲ ಕೊಟ್ಟವರೂ ಬಹುಪಾಲು ಅಲ್ಲಿಯವರೇ. ಚಿತ್ರ ಬಿದ್ದರೆ ನೆಗೆಟಿವ್ ಸಾಲಗಾರನ ಗೋದಾಮು ಸೇರುತ್ತಿತ್ತು. ಬೇಗ ಬೆಂಕಿ ಹಿಡಿಯುವ ನೈಟ್ರೇಟ್ ಸುರುಳಿ. ಹಳತಾದರೆ ಬೆಳ್ಳಿ ತೆಗೆಯಲು ತೂಕಕ್ಕೆ ಮಾರುವ ಸರಕು. ‘ಸತಿ ಸುಲೋಚನ’ ಇವತ್ತು ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಿತ್ರಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ, ಮೊದಲ ಕನ್ನಡ ವಾಕ್ಚಿತ್ರ ಬಂದು ಮೂವತ್ತು ವರ್ಷ ಕಳೆದ ಮೇಲೆ. ಅಲ್ಲಿಗೆ ಸೇರಿದ್ದರಲ್ಲೂ ಒಂದು ರಾಶಿ ನೈಟ್ರೇಟ್ ಸುರುಳಿ 2003ರ ಜನವರಿಯ ಬೆಂಕಿಯಲ್ಲಿ ಹೋಯಿತು.

1964 ಎಂದಾಗ ಬೇಲೂರು, ಹಳೇಬೀಡಿಗೆ ಹೋಗದೆ ವಿಧಿಯಿಲ್ಲ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು ಅದೇ ವರ್ಷ. ಮದರಾಸಿನಲ್ಲಿ ವಿಕ್ರಮ್ ಸ್ಟುಡಿಯೊ ಕಟ್ಟಿದ ಬಿ.ಎಸ್. ರಂಗಾ ಅವರ ನಿರ್ದೇಶನ, ಕಲ್ಯಾಣ್‌ಕುಮಾರ್, ಬಿ. ಸರೋಜಾದೇವಿ ನಾಯಕ ನಾಯಕಿ. ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಜಕ್ಕನ್ನ ಆದರು. ಬೂದುಗಲ್ಲಿನ ಹೊಯ್ಸಳ ಗುಡಿಗಳನ್ನು ಕನ್ನಡದ ಜನ ತೆರೆಯ ಮೇಲೆ ಬಣ್ಣದಲ್ಲಿ ನೋಡಿದರು. ಕೈದಾಳದ ಶಿಲ್ಪಿ, ಬೇಲೂರಿನಲ್ಲಿ ಚೆನ್ನಿಗರಾಯನ ವಿಗ್ರಹ, ಕಲ್ಲಿನಲ್ಲಿ ಕಪ್ಪೆ ಇದೆ ಎಂದು ತೋರಿಸಿದ ಮಗ ಡಂಕಣ, ಸೋತು ಕೈ ಕಡಿದುಕೊಂಡ ತಂದೆ. ಅಜ್ಜಿಯರು ಹೇಳುತ್ತಿದ್ದ ಕಥೆಗೆ ಈಗ ಮುಖ ಬಂತು. ಇವತ್ತಿಗೂ ಬೇಲೂರಿನ ಗೈಡು ಕಪ್ಪೆ ಚೆನ್ನಿಗರಾಯನ ಗುಡಿಯ ಮುಂದೆ ನಿಂತು ಅದನ್ನೇ ಹೇಳುತ್ತಾನೆ.

ಕಲ್ಲು ಬೇರೆ ಮಾತು ಹೇಳುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟ ಐದು, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಮೇಲೆ ತಂದ ಪುಸ್ತಕ, ಇವೆರಡನ್ನು ಹಿಡಿದು ಗುಡಿ ಸುತ್ತಿದರೆ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ವಿಜಯನಾರಾಯಣನ ಈ ಗುಡಿಯಲ್ಲಿ ರೂವಾರಿಗಳ ಹೆಸರು ಸಾಲಾಗಿ ಸಿಗುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ನಾಗೋಜ, ಮಲ್ಲಿಯಣ್ಣ. ಮದನಿಕೆಯರಲ್ಲಿ ನಾಲ್ವರನ್ನು ತಂದೆ ಕಡೆದ, ಐವರನ್ನು ಮಗ ಕಡೆದ ಎಂದು ಪೀಠದ ಅಕ್ಷರಗಳಿಂದಲೇ ತಿಳಿಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಕೇದಾರೋಜ, ಮಾಬಲ, ಬಲ್ಲಣ, ಬೋಚಣ ಇದ್ದಾರೆ. ಜಕಣಾಚಾರಿ ಎಲ್ಲೂ ಇಲ್ಲ. ಅಂದರೆ ಹೆಸರು ಕೆತ್ತಿ ಹೋದವರನ್ನು ಯಾರೂ ನೆನೆಯುವುದಿಲ್ಲ, ಹೆಸರಿನ ಗುರುತೇ ಇಲ್ಲದವನು ಬಣ್ಣದ ಚಿತ್ರದ ನಾಯಕನಾದ. ತಂದೆ ಮಗ ಇಬ್ಬರೂ ಅಕ್ಕಪಕ್ಕದ ಮದನಿಕೆಯರಿಗೆ ಉಳಿ ಹಿಡಿದದ್ದು ನಿಜವಾಗಿದ್ದರೂ ಅಲ್ಲಿ ಕೈ ಕಡಿಯುವ ಪ್ರಸಂಗವಿಲ್ಲ, ಆದ್ದರಿಂದ ಅದು ಸಿನಿಮಾ ಆಗಲಿಲ್ಲ.

ಬೇಲೂರಿನಿಂದ ಕಲಿತ ಈ ಅನುಮಾನವನ್ನು ಅರಸೀಕೆರೆಗೆ ಹಾಗೇ ಹೊತ್ತು ತರುವುದು ಸರಿಯೇ? ಸರಿಯಲ್ಲ ಎಂದುಕೊಂಡಿದ್ದೇನೆ. ಜಕಣನ ಕಥೆ ಗುಡಿ ಕಟ್ಟಿ ನೂರಾರು ವರ್ಷಗಳ ಮೇಲೆ ಬೆಳೆದದ್ದು. ಬೇರೆ ಬೇರೆ ಕಾಲದ, ಬೇರೆ ಬೇರೆ ಅರಸರ ಗುಡಿಗಳನ್ನೆಲ್ಲ ಒಬ್ಬನ ಕೈಗೆ ಕಟ್ಟಿದ್ದು. ಬಾಲಣ್ಣನ ಕಥೆಗೆ ಆ ದೂರವಿಲ್ಲ. ಅವರ ಜೊತೆ ಬಣ್ಣದ ಕೋಣೆಯಲ್ಲಿ ಕೂತವರು, ಊಟದೆಲೆ ಹಂಚಿಕೊಂಡವರು ನಮ್ಮ ಕಾಲದವರೆಗೂ ಇದ್ದರು. ಔಷಧಿಗೆ ಕಾಸಿಲ್ಲದೆ ಮಗುವನ್ನು ಕೊಡುವುದು ಆ ಕಾಲದ ಬಡ ಮನೆಗಳಲ್ಲಿ ಕೇಳರಿಯದ ಸಂಗತಿಯೂ ಅಲ್ಲ. ಅದು ದತ್ತಕವೋ ಮಾರಾಟವೋ ಎಂಬುದು ಹೇಳುವವರ ಹೊಟ್ಟೆಯುರಿಯನ್ನು ಅವಲಂಬಿಸಿತ್ತು. ಎಂಟು ಎಂಬ ಅಂಕಿಗೆ ನಾನು ಕಾಗದ ಕೇಳುತ್ತೇನೆ. ಮಡಿಲು ಬದಲಾಯಿತು ಎಂಬ ಮಾತನ್ನು ಕಾಗದವಿಲ್ಲದೆಯೂ ತಳ್ಳಿಹಾಕಲಾರೆ.

ಕಾಗದ ನಿಜಕ್ಕೂ ದಪ್ಪವಾಗುವುದು ಬಾಲಣ್ಣ ನಟನೆಯ ಜೊತೆ ಹಣದ ವ್ಯವಹಾರಕ್ಕೂ ಇಳಿದ ಮೇಲೆ. ಐವತ್ತರ ದಶಕದ ಕೊನೆಗೆ ಕನ್ನಡದಲ್ಲಿ ಕೆಲಸ ಸಾಲದೆ ನಟರು ಕಂಗೆಟ್ಟಿದ್ದರು. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಕಲಾವಿದರ ಸಂಘ ಕಟ್ಟಿಕೊಂಡು ನಾಟಕವಾಡುತ್ತಾ ಊರೂರು ತಿರುಗಿದರು, ಕೂಡಿದ ಹಣದಲ್ಲಿ ‘ರಣಧೀರ ಕಂಠೀರವ’ ಮಾಡಿದರು. ನಿರ್ದೇಶನ ಎನ್.ಸಿ. ರಾಜನ್, ವರ್ಷ 1960. ಮದರಾಸಿಗೆ ಹೋಗದಿದ್ದರೆ ಚಿತ್ರವಿಲ್ಲ ಎಂಬ ಸ್ಥಿತಿ ಬಾಲಣ್ಣನನ್ನು ಎಷ್ಟು ಕುಟುಕಿತ್ತೆಂದರೆ, ಕೆಂಗೇರಿಯ ಹತ್ತಿರ ಮೈಲಸಂದ್ರದಲ್ಲಿ ಸರ್ಕಾರದಿಂದ 20 ಎಕರೆ ಪಡೆದು ಅಭಿಮಾನ್ ಸ್ಟುಡಿಯೊ ಎಬ್ಬಿಸಿದರು. ನಟನೆಯಲ್ಲಿ ಬಂದದ್ದು ಅದರ ಗೋಡೆಗೆ ಹೋಯಿತು. ಚಿತ್ರಸಾಹಿತ್ಯ ಅವರನ್ನು ಹಾಸ್ಯನಟ, ಪೋಷಕನಟ ಎಂದು ಒಂದು ಸಾಲಿನಲ್ಲಿ ಮುಗಿಸುವಾಗ ಈ 20 ಎಕರೆ ಅಡಿಟಿಪ್ಪಣಿಗೆ ಜಾರುತ್ತದೆ. ನನಗೆ ಕಾಣುವಂತೆ ಇದೇ ಅವರ ಬದುಕಿನ ಮುಖ್ಯ ಅಧ್ಯಾಯ. ಕೊಲ್ಹಾಪುರ, ಮದರಾಸುಗಳಲ್ಲಿ ಕನ್ನಡದ ನೆಗೆಟಿವ್‌ಗಳು ಏನಾದವೆಂದು ಗೊತ್ತಿದ್ದವರಿಗೆ ಬಾಲಣ್ಣನ ಹಟ ಅರ್ಥವಾದೀತು.

ವಿಷ್ಣುವರ್ಧನನ ಹೆಸರು ಈ ಹುಡುಕಾಟದಲ್ಲಿ ಎರಡನೇ ಸಲ ಬರುವುದು ಇಲ್ಲಿ. 1972ರ ‘ನಾಗರಹಾವು’ಗಾಗಿ ಪುಟ್ಟಣ್ಣ ಕಣಗಾಲರು ಸಂಪತ್‌ಕುಮಾರ್ ಎಂಬ ಹುಡುಗನಿಗೆ ಇಟ್ಟದ್ದು ಬೇಲೂರು ಕಟ್ಟಿಸಿದ ಅರಸನ ಹೆಸರನ್ನೇ. 2009ರ ಡಿಸೆಂಬರ್ 30ರಂದು ಆ ನಟನ ಅಂತ್ಯಕ್ರಿಯೆ ನಡೆದದ್ದು ಅಭಿಮಾನ್ ಸ್ಟುಡಿಯೊದಲ್ಲಿ. ಅಲ್ಲಿಂದ ಮುಂದೆ ಆ ನೆಲಕ್ಕೆ ಹುಟ್ಟಿದ ಕಾಗದಕ್ಕೆ ಲೆಕ್ಕವಿಲ್ಲ: ಮಂಜೂರಾತಿಯ ಷರತ್ತು, ಸ್ಮಾರಕದ ಮನವಿ, ಕೋರ್ಟಿನ ದಾವೆ. ಸ್ಮಾರಕ ಕೊನೆಗೆ ಮೈಸೂರಿನ ಬಳಿ ಎದ್ದು 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಭಿಮಾನ್ ಸ್ಟುಡಿಯೊದಲ್ಲಿದ್ದ ಸಮಾಧಿಯ ಕಟ್ಟಡವನ್ನು 2025ರ ಆಗಸ್ಟ್‌ನಲ್ಲಿ ಕೆಡವಿದರು, ಪತ್ರಿಕೆಗಳು ಮತ್ತೆ ತುಂಬಿದವು. ಎಂಟು ರೂಪಾಯಿಗೆ ಚೀಟಿಯಿಲ್ಲದ ಮನುಷ್ಯನ ಹೆಸರು ಕಂದಾಯ ಇಲಾಖೆಯ ಕಡತದಲ್ಲಿ ಗಟ್ಟಿಯಾಗಿ ಕೂತಿದೆ, ಅವರ ಹಾಸ್ಯಕ್ಕೂ ರಾಚೂಟಪ್ಪನಿಗೂ ಸಂಬಂಧವೇ ಇಲ್ಲದ ಭಾಷೆಯಲ್ಲಿ.

ಈ ಕಡತಗಳನ್ನು ವಕೀಲರು ಕಾಯ್ದುಕೊಳ್ಳುತ್ತಾರೆ, ಅದರ ಚಿಂತೆ ಬೇಡ. ನಾಲ್ವತ್ತರ ದಶಕದ ಚಿತ್ರಗಳ ಹಾಡಿನ ಪುಸ್ತಕಗಳನ್ನು ಕಾಯುವವರಿಲ್ಲ. ಟೆಂಟಿನ ಬಾಗಿಲಲ್ಲಿ ಕಾಸಿಗೆ ಮಾರುತ್ತಿದ್ದ ಆ ತೆಳು ಪುಸ್ತಕಗಳಲ್ಲಿ ಕಥಾಸಾರ, ಹಾಡು, ತಂತ್ರಜ್ಞರ ಪಟ್ಟಿಯ ಜೊತೆ ಪಾತ್ರವರ್ಗವೂ ಇರುತ್ತದೆ. ಚಿತ್ರವೇ ಸುಟ್ಟುಹೋದರೆ ಉಳಿಯುವ ಪೀಠಶಾಸನ ಅದೊಂದೇ. ಅರಸೀಕೆರೆ, ತಿಪಟೂರು, ಹಾಸನದ ಕಡೆ ಯಾರ ಮನೆಯ ಅಟ್ಟದಲ್ಲಾದರೂ ‘ರಾಧಾರಮಣ’ದ್ದೋ ‘ವಾಣಿ’ಯದ್ದೋ ಪ್ರತಿ ಇದ್ದರೆ, ಗುಜರಿಗೆ ಹಾಕುವ ಮೊದಲು ಪಾತ್ರವರ್ಗದ ಆ ಪುಟದ ಫೋಟೊ ತೆಗೆದು ಹತ್ತಿರದ ಗ್ರಂಥಾಲಯಕ್ಕಾದರೂ ಕಳಿಸಿ. ಮೇಲಿನ ಹೆಸರುಗಳು ಹೇಗೂ ಬೇರೆ ಕಡೆ ಸಿಗುತ್ತವೆ; ಕೆಳಗಿನ ನಾಲ್ಕು ಸಾಲು ಓದುವಂತಿರಲಿ.