ಆದೇಶದಿಂದ ಪಾಠದವರೆಗೆ

ನಮ್ಮ ಶಾಲೆ ಆರಂಭವಾದ ಕಾಲಕ್ಕೆ ಸೊಲ್ಲಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ನೆರೆಯ ಅಕ್ಕಲಕೋಟ ಪ್ರತ್ಯೇಕ ಸಂಸ್ಥಾನವಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ವಳಸಂಗ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಊರಾಯಿತು. ಅಂದಿನಿಂದ ಶಿಕ್ಷಣದ ಪ್ರತಿಯೊಂದು ಹೊಸ ನೀತಿಯೂ ಮರಾಠಿಯ ಆದೇಶವಾಗಿ ಬಂದು, ಕನ್ನಡದ ಪಾಠವಾಗಿ ಮಕ್ಕಳನ್ನು ತಲುಪಬೇಕಾಗಿದೆ. ಈ ನಡುವಣ ದಾರಿ ಸುಗಮವಾದಾಗಲೆಲ್ಲ ಸುಧಾರಣೆಗಳು ಬೇರೂರಿವೆ. ಕಡಿದಾದಲ್ಲಿ ಕಾಗದದಲ್ಲಿಯೇ ಉಳಿದಿವೆ.

ದಾರಿಯ ಮೊದಲ ಆಸರೆ ಕಾನೂನು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯಬೇಕೆಂಬ ಆಶಯದ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಎರಡನೆಯ ಆಸರೆ ಪುಸ್ತಕ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಹೊಸ ಪಠ್ಯಕ್ರಮದ ಕನ್ನಡ ಪುಸ್ತಕ ಶಾಲೆ ತೆರೆಯುವ ದಿನ ಮಗುವಿನ ಕೈಯಲ್ಲಿದ್ದರೆ, ಅರ್ಧ ಸುಧಾರಣೆ ಆದಂತೆಯೇ.

ಮೂರನೆಯದು ಶಿಕ್ಷಕರ ತಿಳಿವಳಿಕೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೊಡನೆ ಸತತ ಮತ್ತು ಸರ್ವಾಂಗೀಣ ಮೌಲ್ಯಮಾಪನ ಬಂದಿತು. ಅದರ ತಿರುಳನ್ನು ಅರಿತ ಶಿಕ್ಷಕರು, ಯಾವ ಮಗು ಎಲ್ಲಿ ತೊಡಕುತ್ತಿದೆ ಎಂಬುದನ್ನು ಪರೀಕ್ಷೆಗೆ ಮೊದಲೇ ಕಂಡುಕೊಂಡರು. ತಿರುಳು ತಿಳಿಯದಿದ್ದಲ್ಲಿ ದಾಖಲೆ ವಹಿಗಳು ಮಾತ್ರ ದಪ್ಪವಾದವು.

ನಾಲ್ಕನೆಯದು ಶಿಕ್ಷಕರಿಗೆ ಇರಬೇಕಾದ ಸ್ವಾತಂತ್ರ್ಯ. ನಮ್ಮದೇ ಜಿಲ್ಲೆಯ ಮಾಢಾ ತಾಲ್ಲೂಕಿನ ಪರಿತೇವಾಡಿ ಜಿಲ್ಲಾ ಪರಿಷತ್ ಶಾಲೆಯಲ್ಲಿ ರಣಜಿತಸಿಂಹ ಡಿಸಲೆ ಅವರು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿದರು. ಮುಂದೆ ಅದು ರಾಜ್ಯದ ಪುಸ್ತಕಗಳಲ್ಲಿಯೂ ಬಂದಿತು. 2020ರಲ್ಲಿ ಅವರಿಗೆ ಜಾಗತಿಕ ಶಿಕ್ಷಕ ಪ್ರಶಸ್ತಿ ಸಂದಿತು. ಸುಧಾರಣೆ ತರಗತಿಯಿಂದ ಮೇಲಕ್ಕೂ ಹೋಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಕೊನೆಯ ಆಸರೆ ಪಾಲಕರು. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೇ ಇರಬೇಕೆಂದು ಕಾಯಿದೆ ವಿಧಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ಈ ಊರು ನೂರು ವರ್ಷಗಳಿಂದ ಮಾಡುತ್ತ ಬಂದುದೂ ಅದನ್ನೇ. ಆದರೆ ಪಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಯಾವ ನೀತಿಯೂ ನಿಲ್ಲದು. ಕನ್ನಡದಲ್ಲಿ ಓದು ಗಟ್ಟಿಯಾದ ಮಗುವಿಗೆ ಮರಾಠಿಯೂ ಇಂಗ್ಲಿಷೂ ಬೇಗ ಒಲಿಯುತ್ತವೆ. ಇದನ್ನು ನಂಬಿ ಮಕ್ಕಳನ್ನು ಕಳುಹಿಸುವ ಮನೆಗಳಿರುವವರೆಗೆ ಈ ಶಾಲೆಗೆ ಮುಂದಿನ ಶತಮಾನವಿದೆ.